ಆರೋಪಿಗೆ ಅನುಕೂಲವಾದ ಸಾಕ್ಷ್ಯ ಠಾಣೆಯಲ್ಲೇ ಉಳಿದುಬಿಟ್ಟರೆ? ಪೊಲೀಸರಿಗೆ ಲಿಖಿತ ನಿಯಮ ಕಡ್ಡಾಯವಾಗಬೇಕೇ?

ಅರ್ಧಚಂದ್ರ

ಅಮೆರಿಕದ ವಾಷಿಂಗ್ಟನ್ ರಾಜ್ಯ 2021ರಲ್ಲಿ ಮಾಡಿದ ಒಂದು ಕಾನೂನನ್ನು ಓದುತ್ತಿದ್ದೆ. ಸಾಕ್ಷಿ ಹೇಳಲು ಬರುವ ಪೊಲೀಸ್ ಅಧಿಕಾರಿಯ ಮಾತು ನಂಬಲರ್ಹವಲ್ಲ ಎಂದು ತೋರಿಸುವ ಮಾಹಿತಿ ಇದ್ದರೆ, ಉದಾಹರಣೆಗೆ ಹಿಂದೊಮ್ಮೆ ಸುಳ್ಳು ವರದಿ ಬರೆದು ಸಿಕ್ಕಿಬಿದ್ದಿದ್ದರೆ, ಅದನ್ನು ಹೇಗೆ ಕಲೆಹಾಕಬೇಕು, ಯಾರಿಗೆ ಮುಟ್ಟಿಸಬೇಕು ಎಂಬ ಲಿಖಿತ ಕ್ರಮವನ್ನು ಪ್ರತಿಯೊಂದು ಕೌಂಟಿಯ (ಜಿಲ್ಲೆಯ) ಅಭಿಯೋಜಕರೂ, ಅಂದರೆ ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರೂ, 2022ರ ಜುಲೈ 1ರೊಳಗೆ ರೂಪಿಸಬೇಕು ಎನ್ನುತ್ತದೆ ಅದು. ಪೊಲೀಸ್ ಇಲಾಖೆಗೆ ಅಂಥ ಸಂಗತಿ ಗೊತ್ತಾದರೆ 10 ದಿನಗಳೊಳಗೆ ಅಭಿಯೋಜಕರಿಗೆ ತಿಳಿಸಬೇಕು.

ನನ್ನ ಪ್ರಶ್ನೆ ಇಷ್ಟೇ. ಆರೋಪಿಗೆ ಅನುಕೂಲವಾದದ್ದನ್ನು ಮುಚ್ಚಿಡಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ. ಮತ್ತೆ ಈ ಲಿಖಿತ ಕ್ರಮ ಯಾಕೆ? ಬೇಕೇ ಬೇಕು ಎನ್ನುವುದಾದರೆ ಅದನ್ನು ಅಭಿಯೋಜಕರ ಮೇಲೆ ಮಾತ್ರ ಹೊರಿಸುವುದೇಕೆ, ಪ್ರತಿಯೊಂದು ಪೊಲೀಸ್ ಇಲಾಖೆಯೂ ತನ್ನದೇ ಲಿಖಿತ ನಿಯಮ ಇಟ್ಟುಕೊಳ್ಳಲಿ ಎಂದು ಯಾಕೆ ಹೇಳಬಾರದು? ಬಲ್ಲವರು ಹೇಳಿ. ತಿಳಿಯದವರೂ ಹೇಳಿ, ಹೇಗಿದ್ದರೂ ಹೇಳುತ್ತೀರಿ.

ಮೂಗುಬೊಟ್ಟು

ಕೊನೆಯ ಸಾಲು ನನಗೇ ಬರೆದದ್ದು ಎಂದು ಗೊತ್ತಾಯಿತು. ಕುಳಿತಿದ್ದೇನೆ.

ಕಪ್ಪುಕೋಟು

ನಾನು ಆರೋಪಿ ಪರ ವಕೀಲ. ಹೀಗಾಗಿ ನನ್ನ ಪಕ್ಷಪಾತ ಮೊದಲೇ ಗೊತ್ತಿರಲಿ.

1963ರದ್ದು ಬ್ರೇಡಿ ಮೊಕದ್ದಮೆ, ಮೇರಿಲ್ಯಾಂಡ್ ರಾಜ್ಯದ್ದು. ಕೊಲೆಯಲ್ಲಿ ಇಬ್ಬರು ಆರೋಪಿಗಳು. ತಾನು ಜೊತೆಗಿದ್ದದ್ದು ನಿಜ, ಕೊಂದವನು ಇನ್ನೊಬ್ಬ ಎಂದು ಬ್ರೇಡಿ ಹೇಳುತ್ತಿದ್ದ. ಆ ಇನ್ನೊಬ್ಬ ತಾನೇ ಕೊಂದೆ ಎಂದು ಒಪ್ಪಿಕೊಂಡಿದ್ದ ಹೇಳಿಕೆ ಸರ್ಕಾರದ ಕಡೆ ಇತ್ತು, ಬ್ರೇಡಿಯ ವಕೀಲರು ಕೇಳಿದಾಗಲೂ ಕೊಡಲಿಲ್ಲ. ಒಳ್ಳೆಯ ಉದ್ದೇಶವೋ ಕೆಟ್ಟ ಉದ್ದೇಶವೋ, ತೀರ್ಪಿಗೆ ಅಥವಾ ಶಿಕ್ಷೆಗೆ ಮುಖ್ಯವಾದದ್ದನ್ನು ಹಾಗೆ ತಡೆಹಿಡಿದರೆ ನ್ಯಾಯಯುತ ವಿಚಾರಣೆಯ ಹಕ್ಕು ಮುರಿದಂತೆ ಎಂದಿತು ಕೋರ್ಟ್.

ತೊಡಕು ಬಂದದ್ದು ಆಮೇಲೆ. ಕರ್ತವ್ಯ ಅಭಿಯೋಜಕರದ್ದು, ಕಾಗದ ಪೊಲೀಸರ ಬಳಿ. ನ್ಯೂ ಆರ್ಲಿಯನ್ಸ್‌ನ ಕೈಲ್ಸ್ ಮೊಕದ್ದಮೆಯಲ್ಲಿ ಸರ್ಕಾರ ಇದನ್ನೇ ವಾದಿಸಿತು: ಪೊಲೀಸರು ನಮಗೆ ಹೇಳಲೇ ಇಲ್ಲ, ನಾವೇನು ಮಾಡೋಣ? 1995ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಸರ್ಕಾರದ ಪರವಾಗಿ ಕೆಲಸ ಮಾಡುವ ಪೊಲೀಸರೂ ಸೇರಿ ಎಲ್ಲರಿಗೂ ಏನು ಗೊತ್ತಿದೆ ಎಂದು ವಿಚಾರಿಸಿ ತಿಳಿದುಕೊಳ್ಳುವ ಹೊಣೆ ಅಭಿಯೋಜಕರದ್ದೇ ಎಂದಿತು. ಅದಕ್ಕೂ ಮುಂಚೆ 1972ರ ಗಿಗ್ಲಿಯೋ ತೀರ್ಪು ಈ ಭಾರ ಹೊರಲು ಕ್ರಮಗಳನ್ನೂ ನಿಯಮಗಳನ್ನೂ ರೂಪಿಸಿಕೊಳ್ಳಬಹುದಲ್ಲ ಎಂದು ಹೇಳಿತ್ತು. ರೂಪಿಸಿಕೊಳ್ಳಬಹುದು ಎಂದಿತೇ ಹೊರತು ರೂಪಿಸಿಕೊಳ್ಳಲೇಬೇಕು ಎನ್ನಲಿಲ್ಲ. ನೀವು ಹೇಳುವ ಕಾನೂನುಗಳೆಲ್ಲ ಆ ಸಂದಿನಿಂದ ಹುಟ್ಟಿದವು.

ಗಣಿತ ಮೇಷ್ಟ್ರು

ಓದಿದೆ. ಒಪ್ಪುವುದಿಲ್ಲ. ಪೊಲೀಸ್ ಇಲಾಖೆಗಳಲ್ಲಿ ಲಿಖಿತ ನಿಯಮಕ್ಕೆ ಬರವೇ? ಕೈಪಿಡಿ, ಸುತ್ತೋಲೆ, ಸುತ್ತೋಲೆಗೆ ತಿದ್ದುಪಡಿ, ತಿದ್ದುಪಡಿಗೆ ಸ್ಪಷ್ಟೀಕರಣ. ಮುಚ್ಚಿಡುವವನು ಇನ್ನೊಂದು ಕಾಗದ ಬಂತೆಂದು ಕೈ ಕಟ್ಟಿ ಕೂರುವುದಿಲ್ಲ. ಮುಚ್ಚಿಡದವನಿಗೆ ಆ ಕಾಗದ ಬೇಕಾಗಿಯೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೆ ನಿಯಮಾವಳಿ ತೂಗುಹಾಕಿ ಏನು ಫಲ?

ಸಂಪಿಗೆ

ಮೇಷ್ಟ್ರೇ, ಇಬ್ಬರೇ ಇದ್ದಾರೆ ಎಂದುಕೊಂಡಿದ್ದೀರಿ. ಮುಚ್ಚಿಡುವವನು, ಮುಚ್ಚಿಡದವನು. ಮೂರನೆಯವನು ಇದ್ದಾನೆ: ಇದು ಕೊಡಬೇಕಾದ ಕಾಗದ ಎಂದೇ ಹೊಳೆಯದವನು.

ನಿವೃತ್ತ ರೈಟರ್

ಸಂಪಿಗೆಯವರು ಹೇಳಿದ್ದು ಸರಿ. ನಾನು ಠಾಣೆಯಲ್ಲಿ ರೈಟರ್ ಆಗಿದ್ದವನು. ಯಾವ ಠಾಣೆ ಎಂದು ಕೇಳಬೇಡಿ.

ದೋಷಾರೋಪ ಪಟ್ಟಿ ಹೊಲಿಯುವ ದಿನ ಹೇಗಿರುತ್ತದೆ ಗೊತ್ತೇ? ಅವಧಿ ಮುಗಿಯುತ್ತಾ ಬಂದಿರುತ್ತದೆ, ತಪ್ಪಿದರೆ ಆರೋಪಿಗೆ ಜಾಮೀನು ಸಿಗುತ್ತದೆ ಎಂಬ ಅವಸರ. ಮೇಜಿನ ಮೇಲೆ ಮಹಜರು, ಹೇಳಿಕೆಗಳು, ಆಸ್ಪತ್ರೆಯ ವರದಿ, ಫೋನ್ ಕರೆಗಳ ಪಟ್ಟಿ. ತನಿಖಾಧಿಕಾರಿ ಒಂದೊಂದೇ ಎತ್ತಿ ‘ಇದು ಇರಲಿ’, ‘ಇದು ಬೇಡ’ ಎನ್ನುತ್ತಾರೆ. ‘ಇರಲಿ’ ಎಂದದ್ದಕ್ಕೆ ನಾನು ದಬ್ಬಳದಲ್ಲಿ ತೂತು ಮಾಡಿ ದಾರ ಪೋಣಿಸಿ, ಪುಟಸಂಖ್ಯೆ ಹಾಕುತ್ತಿದ್ದೆ. ‘ಬೇಡ’ ಎಂದದ್ದಕ್ಕೆ ಪುಟಸಂಖ್ಯೆಯೂ ಇಲ್ಲ, ಪಟ್ಟಿಯೂ ಇಲ್ಲ. ಅದು ಕೆಳಗಿನ ಡ್ರಾಯರಿಗೆ. ಯಾವುದನ್ನು ಬೇಡ ಎನ್ನುತ್ತಿದ್ದರು? ಕತ್ತಲಾಗಿತ್ತು, ಮುಖ ಕಾಣಲಿಲ್ಲ ಎಂದ ಪಕ್ಕದ ಮನೆಯವರ ಹೇಳಿಕೆ. ಎರಡು ಸಲ ಬರೆಸಿದ ಹೇಳಿಕೆಯಲ್ಲಿ ಮೊದಲನೆಯದು. ಹೊಂದಿಕೆಯಾಗದ ಬೆರಳಚ್ಚು. ದುರುದ್ದೇಶ ಇರುತ್ತಿತ್ತೇ? ಎಲ್ಲೋ ಒಂದೆರಡು ಸಲ. ಉಳಿದಂತೆ ‘ಇದು ಕೇಸಿಗೆ ಉಪಯೋಗವಿಲ್ಲ’ ಎಂಬ ಒಂದೇ ಮಾತು. ಯಾರ ಉಪಯೋಗಕ್ಕೆ ಎಂದು ಕೇಳುವ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಸಾಹೇಬರು ವರ್ಗವಾದ ಮೇಲೆ ಹೊಸಬರು ಬಂದು ಡ್ರಾಯರ್ ಖಾಲಿ ಮಾಡಿಸುತ್ತಿದ್ದರು. ಖಾಲಿ ಮಾಡಿದವನೂ ನಾನೇ.

ಮೂಗುಬೊಟ್ಟು

ಕೆಳಗಿನ ಡ್ರಾಯರಿಗೆ ಒಂದು ಪಟ್ಟಿ ಬೇಕು. ಚರ್ಚೆ ಮುಗಿಯಿತು, ಮನೆಗೆ ಹೋಗೋಣ.

ಕಪ್ಪುಕೋಟು

ನಗುತ್ತಾ ಹೇಳಿದಿರಿ, ಆದರೆ ಇಂಗ್ಲೆಂಡಿನವರು ಮಾಡಿದ್ದು ಅದನ್ನೇ. 1996ರ ಕ್ರಿಮಿನಲ್ ವಿಧಾನ ಮತ್ತು ತನಿಖಾ ಕಾಯ್ದೆಯ ಅಡಿಯಲ್ಲಿ ಪೊಲೀಸರಿಗೇ ಒಂದು ಸಂಹಿತೆ ಇದೆ. ತನಿಖೆಗೆ ಸಂಬಂಧಪಟ್ಟಿರಬಹುದಾದದ್ದನ್ನು ದಾಖಲಿಸು, ಉಳಿಸಿಕೋ, ಅಭಿಯೋಜಕರಿಗೆ ತೋರಿಸು. ಅದಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಬಳಸದೆ ಬಿಟ್ಟ ಸಾಮಗ್ರಿಗೆ ಒಂದು ಅನುಸೂಚಿ, ಅದರಲ್ಲಿ ಸೂಕ್ಷ್ಮವಾದದ್ದಕ್ಕೆ ಬೇರೆ ಅನುಸೂಚಿ. ಆರೋಪಿಯ ಕಡೆಗೆ ಬೆರಳು ತೋರುವ ಜಾಡನ್ನಷ್ಟೇ ಅಲ್ಲ, ಆರೋಪಿಯಿಂದ ಆಚೆಗೆ ಹೋಗುವ ಜಾಡನ್ನೂ ಹಿಡಿಯಬೇಕು ಎಂದೂ ಬರೆದಿದ್ದಾರೆ. ಜೈಲು ಶಿಕ್ಷೆಯಾದರೆ ಅಪರಾಧಿ ಬಿಡುಗಡೆಯಾಗುವವರೆಗಾದರೂ ಸಾಮಗ್ರಿಯನ್ನು ಉಳಿಸಿಕೊಳ್ಳಬೇಕು.

ಇದು ಸುಮ್ಮನೆ ಬಂದದ್ದಲ್ಲ. 1974ರ ಬಸ್ ಬಾಂಬ್ ಸ್ಫೋಟದಲ್ಲಿ ಜೂಡಿತ್ ವಾರ್ಡ್ ಎಂಬ ಮಹಿಳೆಗೆ ಜೀವಾವಧಿಯಾಗಿತ್ತು. ಪೊಲೀಸರು, ವಿಜ್ಞಾನಿಗಳು, ಅಭಿಯೋಜಕರ ಕಡೆಯವರು ಎಲ್ಲರೂ ಸಾಮಗ್ರಿ ತಡೆಹಿಡಿದಿದ್ದು ಬಯಲಾಗಿ ಆಕೆ ಹೊರಬಂದದ್ದು 1992ರಲ್ಲಿ.

ಗಣಿತ ಮೇಷ್ಟ್ರು

ಸರಿ ವಕೀಲರೇ, 1996ರಿಂದ ಸಂಹಿತೆ ಇದೆ. ಹಾಗಿದ್ದರೆ 2017ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ವಿದ್ಯಾರ್ಥಿಯೊಬ್ಬನ ಮೇಲಿದ್ದ ಅತ್ಯಾಚಾರ ಮೊಕದ್ದಮೆ ಕುಸಿದದ್ದು ಹೇಗೆ? ದೂರುದಾರರ ಫೋನಿನಿಂದ ತೆಗೆದ ಸುಮಾರು 40,000 ಸಂದೇಶಗಳು ಪೊಲೀಸರ ಬಳಿಯೇ ಇದ್ದವು. ಆರೋಪವನ್ನೇ ಅಲುಗಾಡಿಸುವಂಥವು ಅದರಲ್ಲಿದ್ದವು. ಹುಡುಗ ಎರಡು ವರ್ಷದ ಹತ್ತಿರ ಜಾಮೀನಿನ ಮೇಲೆ ನೇತಾಡಿದ್ದ. ಕೊನೆಗಳಿಗೆಯಲ್ಲಿ ಮೊಕದ್ದಮೆ ವಹಿಸಿಕೊಂಡ ಸರ್ಕಾರಿ ವಕೀಲರು ಪಟ್ಟುಹಿಡಿದು ಕೊಡಿಸದಿದ್ದರೆ ಒಳಗೇ ಹೋಗುತ್ತಿದ್ದ. ಆ ಸಂಹಿತೆಯಲ್ಲಿ ತನಿಖಾಧಿಕಾರಿಯೇ ಪಟ್ಟಿ ಮಾಡುವ ಅಧಿಕಾರಿಯೂ ಆಗಬಹುದು, ಓದಿದ್ದೀರಲ್ಲ? ಆರೋಪಿಯನ್ನು ಹಿಡಿದವನೇ ಆರೋಪಿಯ ಪರ ಏನಿದೆ ಎಂದು ಹುಡುಕಬೇಕು. ಇದನ್ನು ನಿಯಮ ಎನ್ನುತ್ತೀರಾ?

ಕಪ್ಪುಕೋಟು

ಓದಿದ್ದೇನೆ. ನಿಮ್ಮ ಉದಾಹರಣೆ ನಿಮಗೇ ತಿರುಗುತ್ತದೆ ಮೇಷ್ಟ್ರೇ. ಆ ಮೊಕದ್ದಮೆಯಲ್ಲಿ ಸಂದೇಶಗಳು ಸಿಕ್ಕಿದವು. ಉಳಿಸಿಕೊಳ್ಳಲೇಬೇಕು ಎಂಬ ನಿಯಮ ಇದ್ದದ್ದರಿಂದ ಕೇಳಿದಾಗ ಕೊಡಲು ಒಂದು ವಸ್ತು ಇತ್ತು. ರೈಟರ್ ಸಾಹೇಬರ ಡ್ರಾಯರ್ ಖಾಲಿಯಾದ ಮೇಲೆ ಯಾವ ಸರ್ಕಾರಿ ವಕೀಲರು ಪಟ್ಟುಹಿಡಿದರೂ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು. ನಿಯಮ ಇಲ್ಲದಿದ್ದಾಗ ಪಾಟೀಸವಾಲಿನಲ್ಲಿ ನಾನು ಕೇಳಬಹುದಾದದ್ದು ‘ನೀವು ಏನನ್ನಾದರೂ ಮುಚ್ಚಿಟ್ಟಿದ್ದೀರಾ?’ ಎಂದು. ಉತ್ತರ ‘ಇಲ್ಲ’. ಮುಗಿಯಿತು. ನಿಯಮ ಇದ್ದರೆ ‘ನಿಮ್ಮ ಇಲಾಖೆಯ ಇಂಥ ಕಲಮಿನ ಪ್ರಕಾರ ಬಳಸದ ಸಾಮಗ್ರಿಯ ಪಟ್ಟಿ ಮಾಡಬೇಕಿತ್ತು, ಅದೆಲ್ಲಿ?’ ಎಂದು ಕೇಳುತ್ತೇನೆ. ಪಟ್ಟಿ ಇದ್ದರೆ ನೋಡುತ್ತೇನೆ. ಇಲ್ಲದಿದ್ದರೆ ಇಲ್ಲ ಎಂದು ಅವರ ಬಾಯಿಂದಲೇ ದಾಖಲಾಗುತ್ತದೆ. ಮನಸ್ಸಿನೊಳಗೆ ಏನಿತ್ತು ಎಂದು ಸಾಬೀತುಮಾಡುವ ಕಷ್ಟ ತಪ್ಪುತ್ತದೆ. ನನಗೆ ಬೇಕಾದದ್ದು ಅಷ್ಟೇ.

ಅರ್ಧಚಂದ್ರ

ಇದು ನನಗೆ ಹೊಳೆದಿರಲಿಲ್ಲ. ಅಂದರೆ ನಿಯಮದ ಕೆಲಸ ಪೊಲೀಸರನ್ನು ಒಳ್ಳೆಯವರನ್ನಾಗಿ ಮಾಡುವುದಲ್ಲ, ಪ್ರಶ್ನೆ ಕೇಳಲು ಒಂದು ಹಿಡಿ ಕೊಡುವುದು ಎನ್ನುತ್ತೀರಿ.

ಖಾಕಿ ಮನೆಯವಳು

ನಮ್ಮ ಮನೆಯಲ್ಲಿ ಪೊಲೀಸ್ ಕೆಲಸದವರಿದ್ದಾರೆ. ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಪೋಸ್ಟಿನಲ್ಲಿ ಹೇಳಿದ ಕಾನೂನು ಡ್ರಾಯರಿನ ಕಾಗದದ ಬಗ್ಗೆ ಅಲ್ಲ, ಅಧಿಕಾರಿಯ ನಡತೆಯ ಬಗ್ಗೆ. ಎರಡನ್ನೂ ಕಲಸುತ್ತಿದ್ದೀರಿ. ಒಬ್ಬ ಪೇದೆಯ ಹೆಸರು ನಂಬಲಾಗದವರ ಪಟ್ಟಿಗೆ ಸೇರಿದರೆ ಅವನ ನೌಕರಿ ಮುಗಿದಂತೆಯೇ. ವಾಷಿಂಗ್ಟನ್ ಕಾನೂನಿನಲ್ಲಿ ಬೇರೆ ಇಲಾಖೆಯಿಂದ ಬರುವವರನ್ನು ಸೇರಿಸಿಕೊಳ್ಳುವ ಮುಂಚೆ ಅಂಥ ಪಟ್ಟಿಯಲ್ಲಿ ಹೆಸರಿತ್ತೇ ಎಂದು ವಿಚಾರಿಸಲೇಬೇಕು. ಒಳ್ಳೆಯದೇ. ಆದರೆ ಹೆಸರು ಸೇರಿಸುವ ಮುಂಚೆ ಅವನ ಮಾತು ಕೇಳುವವರು ಯಾರು? ಮೇಲಧಿಕಾರಿಗೆ ಆಗದವನನ್ನು ಸೇರಿಸಿಬಿಟ್ಟರೆ? ದೂರು ಬಂದದ್ದೇ ಸಾಕೇ, ಇಲಾಖಾ ವಿಚಾರಣೆಯಲ್ಲಿ ಸಾಬೀತಾಗಬೇಕೇ? ಲಿಖಿತ ನಿಯಮ ಬೇಕು ಎಂದು ನಾನೂ ಹೇಳುತ್ತೇನೆ, ಇಂಥವೆಲ್ಲ ಯಾರದೋ ಮರ್ಜಿಗೆ ಬಿಡಬಾರದು ಎಂಬ ಕಾರಣಕ್ಕೆ.

ಕಪ್ಪುಕೋಟು

ಮೇಡಂ, ನ್ಯಾಯವಾದ ಮಾತು. ಕೆನಡಾದಲ್ಲಿ ಇದಕ್ಕೆ ಒಂದು ಗೆರೆ ಎಳೆದಿದ್ದಾರೆ. 1991ರ ಸ್ಟಿಂಚ್‌ಕೋಂಬ್ ತೀರ್ಪು ತನಿಖೆಯ ಫಲ ಶಿಕ್ಷೆ ಕೊಡಿಸಲು ಸರ್ಕಾರಕ್ಕೆ ಸಿಕ್ಕ ಸ್ವತ್ತಲ್ಲ, ನ್ಯಾಯ ನಡೆಯಲೆಂದು ಇರುವ ಸಾರ್ವಜನಿಕರ ಸ್ವತ್ತು ಎಂದಿತು. 2009ರ ಮೆಕ್‌ನೀಲ್ ತೀರ್ಪಿನಲ್ಲಿ ಅಧಿಕಾರಿಗಳ ದುರ್ನಡತೆಯ ದಾಖಲೆಯ ಪ್ರಶ್ನೆ ಬಂತು. ಆ ದುರ್ನಡತೆ ಅದೇ ಪ್ರಕರಣಕ್ಕೆ ಸಂಬಂಧಿಸಿದ್ದರೆ, ಅಥವಾ ಆರೋಪಿಯ ವಿರುದ್ಧದ ಪ್ರಕರಣದ ಮೇಲೆ ನಿಜವಾಗಿ ಪರಿಣಾಮ ಬೀರುವಂತಿದ್ದರೆ ಪೊಲೀಸರು ತಾವಾಗಿಯೇ ಅಭಿಯೋಜಕರಿಗೆ ಕೊಡಬೇಕು. ಅಧಿಕಾರಿ ಎಂದೋ ತಡವಾಗಿ ಕೆಲಸಕ್ಕೆ ಬಂದು ನೋಟಿಸು ತಿಂದದ್ದನ್ನೆಲ್ಲ ಹರವಿ ಹಾಕಬೇಕಿಲ್ಲ.

ಖಾಕಿ ಮನೆಯವಳು

ಆ ಗೆರೆಯನ್ನು ಕೋರ್ಟ್ ಎಳೆದಾಗ ಯಾರಿಗೆ ಗೊತ್ತಾಯಿತು? ವಕೀಲರಿಗೆ. ಠಾಣೆಯವರು ತೀರ್ಪು ಓದುವುದಿಲ್ಲ. ಅವರಿಗೆ ಅರ್ಥವಾಗುವ ಮಾತಿನಲ್ಲಿ ಒಂದು ಪುಟ ಬರೆದುಕೊಡಿ, ಅದನ್ನೇ ನಿಯಮ ಎನ್ನಿ.

ದತ್ತಾಂಶದವ

ನೀವೆಲ್ಲ ಇನ್ನೂ ದಾರ, ದಬ್ಬಳ, ಡ್ರಾಯರಿನಲ್ಲೇ ಇದ್ದೀರಿ. ಈಗಿನ ಸಾಕ್ಷ್ಯ ಹೊಲಿಗೆಗೆ ಸಿಗುವುದಿಲ್ಲ. ಮೈಗೆ ಹಾಕುವ ಕ್ಯಾಮೆರಾ, ಸಿಸಿಟಿವಿ, ಫೋನಿನ ಪೂರ್ತಿ ನಕಲು. ಇವು ಯಾರೂ ಮುಚ್ಚಿಡದೆಯೂ ಮಾಯವಾಗುತ್ತವೆ. ಸರ್ವರ್‌ನಲ್ಲಿ ಜಾಗ ಉಳಿಸಲು ಇಷ್ಟು ದಿನವಾದ ಮೇಲೆ ತಾನಾಗಿ ಅಳಿಸು ಎಂದು ಹೊಂದಿಸಿರುತ್ತಾರೆ. ವಕೀಲರು ಕೇಳುವ ಹೊತ್ತಿಗೆ ಕಡತದ ಹೆಸರು ಉಳಿದಿರುತ್ತದೆ, ಕಡತ ಇರುವುದಿಲ್ಲ. ಯಾರನ್ನು ಬೈಯುತ್ತೀರಿ? ಯಂತ್ರವನ್ನೇ? ಲಿಖಿತ ನಿಯಮದಲ್ಲಿ ಬೇರೇನೂ ಇಲ್ಲದಿದ್ದರೂ ಪರವಾಗಿಲ್ಲ, ಪ್ರಕರಣ ದಾಖಲಾದ ತಕ್ಷಣ ಯಾರು ಹೋಗಿ ಆ ಅಳಿಸುವಿಕೆಯನ್ನು ನಿಲ್ಲಿಸಬೇಕು ಎಂಬುದು ಹುದ್ದೆಯ ಹೆಸರಿನ ಸಮೇತ ಇರಬೇಕು. ‘ಇಲಾಖೆ ಕ್ರಮ ಕೈಗೊಳ್ಳತಕ್ಕದ್ದು’ ಎಂದು ಬರೆದರೆ ಯಾರೂ ಕೈಗೊಳ್ಳುವುದಿಲ್ಲ.

ಕಪ್ಪುಕೋಟು

ಇದಕ್ಕೆ ಅಮೆರಿಕದಲ್ಲಿ ಒಂದು ನೋವಿನ ತೀರ್ಪು ಇದೆ. 1988ರ ಯಂಗ್‌ಬ್ಲಡ್. ಆರೋಪಿಯ ಹೆಸರೇ ಅದು. ಪ್ರಕರಣದ ಜೈವಿಕ ಮಾದರಿಗಳನ್ನು ಪೊಲೀಸರು ಸರಿಯಾಗಿ ಕಾಪಾಡಿರಲಿಲ್ಲ. ದುರುದ್ದೇಶ ತೋರಿಸದ ಹೊರತು ಉಪಯುಕ್ತವಾಗಬಹುದಾಗಿದ್ದ ಸಾಕ್ಷ್ಯ ಹಾಳಾದದ್ದು ಹಕ್ಕಿನ ಉಲ್ಲಂಘನೆಯಲ್ಲ ಎಂದಿತು ಸುಪ್ರೀಂ ಕೋರ್ಟ್. ಉಳಿದಿದ್ದ ಮಾದರಿಯನ್ನು ಹೊಸ ಡಿಎನ್‌ಎ ತಂತ್ರದಲ್ಲಿ ಪರೀಕ್ಷಿಸಿ 2000ದಲ್ಲಿ ಆತ ನಿರಪರಾಧಿ ಎಂದು ತಿಳಿಯಿತು. ಮುಚ್ಚಿಟ್ಟರೆ ಉದ್ದೇಶ ಬೇಕಿಲ್ಲ, ಕಳೆದುಹಾಕಿದರೆ ದುರುದ್ದೇಶ ತೋರಿಸಬೇಕು. ಕಳೆದುಹಾಕುವುದೇ ಲಾಭ ಎಂದಾಗುತ್ತದೆ.

ಮೂಗುಬೊಟ್ಟು

ಸಿನಿಮಾದಲ್ಲಿ ಮಾತ್ರ ಕೊನೆಯ ದೃಶ್ಯದಲ್ಲಿ ಬಾಗಿಲು ತಳ್ಳಿಕೊಂಡು ಸಾಕ್ಷಿ ಬರುತ್ತಾನೆ. ‘ನಿಲ್ಲಿಸಿ ಮಹಾಸ್ವಾಮಿ!’

ಸಂಪಿಗೆ

ಆ ದೃಶ್ಯ ನೋಡಿ ನೋಡಿ ಜನ ಕೋರ್ಟ್ ಎಂದರೆ ಹಠಾತ್ ದಾಳಿ ಎಂದುಕೊಂಡಿದ್ದಾರೆ. ಕಾಗದವೆಲ್ಲ ಮೊದಲೇ ಎರಡೂ ಕಡೆ ಇರಬೇಕು ಎಂದರೆ ‘ಹಾಗಾದರೆ ಕಳ್ಳನಿಗೆ ಎಲ್ಲ ಗೊತ್ತಾಗಿಬಿಡುತ್ತದಲ್ಲ’ ಎನ್ನುತ್ತಾರೆ ನನ್ನ ಸೋದರತ್ತೆ.

ಮೂಗುಬೊಟ್ಟು

ನಿಮ್ಮ ಅತ್ತೆಯವರನ್ನು ಈ ವೇದಿಕೆಗೆ ಕರೆತನ್ನಿ. ಮೇಷ್ಟ್ರಿಗೆ ಜೊತೆಯಾಗುತ್ತಾರೆ.

ನಿರ್ವಾಹಕ

ಸಿನಿಮಾಕ್ಕೆ ಬೇರೆ ವಿಭಾಗ ಇದೆ. ಅತ್ತೆಯರಿಗೆ ಇಲ್ಲ.

ಬೇಲಿಹೂ

ಯಾರೂ ಎತ್ತದ ಒಂದು ವಿಷಯ. 40,000 ಸಂದೇಶ ಎಂದು ಸಲೀಸಾಗಿ ಬರೆದಿರಿ. ಅವು ಒಬ್ಬ ಹೆಣ್ಣುಮಗಳ ಫೋನಿನವು. ದೂರು ಕೊಟ್ಟಳೆಂಬ ಕಾರಣಕ್ಕೆ ಅವಳ ಗೆಳತಿಯರ ಮಾತು, ವೈದ್ಯರ ಚೀಟಿ, ಮನೆ ಜಗಳ ಎಲ್ಲ ಅಪರಿಚಿತರ ಮೇಜಿನ ಮೇಲೆ ಹರಡಬೇಕೇ? ಹಾಗಾದರೆ ದೂರು ಕೊಡಲು ಯಾರು ಬರುತ್ತಾರೆ? ಸಾಕ್ಷಿ ಹೇಳಿದವರ ವಿಳಾಸ ಆರೋಪಿಯ ಕೈ ಸೇರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ‘ಎಲ್ಲವನ್ನೂ ಕೊಡಿ’ ಎನ್ನುವವರಿಗೆ ಈ ಭಯ ಗೊತ್ತಿರುವುದಿಲ್ಲ.

ದತ್ತಾಂಶದವ

ಒಪ್ಪುತ್ತೇನೆ. ಪೂರ್ತಿ ಫೋನ್ ನಕಲು ಮಾಡುವುದೇ ಸೋಮಾರಿತನ. ಯಾವ ಅವಧಿ, ಯಾರ ಜೊತೆಗಿನ ಮಾತು, ಯಾವ ಪದಗಳಿಗೆ ಹುಡುಕಾಟ ಎಂದು ಮೊದಲೇ ಬರೆದಿಟ್ಟರೆ ಅಷ್ಟನ್ನೇ ತೆಗೆಯಬಹುದು. ಬರೆದಿಟ್ಟದ್ದನ್ನು ಎದುರು ಪಕ್ಷವೂ ನೋಡಿ ‘ಈ ಅವಧಿಯನ್ನೂ ಸೇರಿಸಿ’ ಎನ್ನಬಹುದು.

ಕಪ್ಪುಕೋಟು

ಬೇಲಿಹೂ ಅವರೇ, ಪಟ್ಟಿಯಲ್ಲಿ ನಮೂದಿಸುವುದು ಬೇರೆ, ಪ್ರತಿ ಕೊಡುವುದು ಬೇರೆ. ‘ಇಂಥ ದಿನಾಂಕದ ವೈದ್ಯಕೀಯ ಟಿಪ್ಪಣಿ ಇದೆ, ಸೂಕ್ಷ್ಮ’ ಎಂದಷ್ಟೇ ಇರುತ್ತದೆ. ಕೊಡಬೇಕೋ ಬೇಡವೋ ಎಂದು ನ್ಯಾಯಾಧೀಶರು ಮುಚ್ಚಿದ ಕೋಣೆಯಲ್ಲಿ ನೋಡಿ ಹೇಳಬಹುದು. ಕೇರಳದ ನಟಿಯ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2019ರಲ್ಲಿ ಹಾಗೆಯೇ ಮಾಡಿತು. ಮೆಮೊರಿ ಕಾರ್ಡಿನಲ್ಲಿರುವ ಆ ದೌರ್ಜನ್ಯದ ವಿಡಿಯೊ ದಾಖಲೆಯೇ ಹೌದು, ಆದರೆ ಸಂತ್ರಸ್ತೆಯ ಖಾಸಗಿತನದ ಕಾರಣಕ್ಕೆ ಆರೋಪಿಗೆ ಪ್ರತಿ ಕೊಡುವಂತಿಲ್ಲ, ತಜ್ಞರ ಜೊತೆ ಬಂದು ಪರಿಶೀಲಿಸಬಹುದು ಎಂದಿತು.

ಬೇಲಿಹೂ

ನ್ಯಾಯಾಧೀಶರು ನಿರ್ಧರಿಸಲಿ, ಸರಿ. ಠಾಣೆಯವರು ನಿರ್ಧರಿಸಬಾರದು ಅಷ್ಟೇ. ಎರಡೂ ಕಡೆಗೆ.

ಅರ್ಧಚಂದ್ರ

ನಮ್ಮ ದೇಶದ ಮಾತು ಬಂತಲ್ಲ, ಅದನ್ನೂ ಹೇಳಿ. ಇಲ್ಲಿ ಹೇಗಿದೆ?

ಕಪ್ಪುಕೋಟು

ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮಿನ ಪ್ರಕಾರ ಆರೋಪಿ ಹಾಜರಾದ 14 ದಿನಗಳೊಳಗೆ ಪೊಲೀಸ್ ವರದಿ, ಹೇಳಿಕೆಗಳು, ದಾಖಲೆಗಳ ಪ್ರತಿ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 207. ಇದು ಮುಖ್ಯವಾಗಿ ಅಭಿಯೋಜನೆ ನೆಚ್ಚಿಕೊಂಡ ದಾಖಲೆಗಳ ಮಾತು. ನೆಚ್ಚಿಕೊಳ್ಳದ್ದು?

ನಮ್ಮ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆದ ಆದಾಯ ಮೀರಿದ ಆಸ್ತಿ ಪ್ರಕರಣದಲ್ಲೇ ಈ ಪ್ರಶ್ನೆ ಎದ್ದಿತ್ತು. ಪೊಲೀಸರು ನ್ಯಾಯಾಲಯಕ್ಕೆ ಕಳುಹಿಸಿದ್ದರೂ ಸಾಕ್ಷ್ಯವಾಗಿ ಗುರುತಿಸದ ದಾಖಲೆಗಳನ್ನು ನೋಡಬೇಕು ಎಂದು ವಿ.ಕೆ. ಶಶಿಕಲಾ ಕೇಳಿದರು. 2012ರಲ್ಲಿ ಸುಪ್ರೀಂ ಕೋರ್ಟ್ ಪರಿಶೀಲನೆಗೆ ಅವಕಾಶ ಕೊಟ್ಟಿತು. ಆಮೇಲೆ 2021ರ ಏಪ್ರಿಲ್‌ನಲ್ಲಿ ಕ್ರಿಮಿನಲ್ ವಿಚಾರಣೆಗಳ ಕೊರತೆಗಳ ಬಗ್ಗೆ ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಕರಡು ನಿಯಮಗಳನ್ನು ಅಂಗೀಕರಿಸಿ, ತನಿಖಾಧಿಕಾರಿ ನೆಚ್ಚಿಕೊಳ್ಳದ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಎಂದಿತು. ಹೈಕೋರ್ಟುಗಳು ಆರು ತಿಂಗಳಲ್ಲಿ ತಮ್ಮ ನಿಯಮಗಳಲ್ಲಿ ಇದನ್ನು ಸೇರಿಸಬೇಕು ಎಂದಿತು. 2025ರ ಮೇಯಲ್ಲಿ ಸರಳಾ ಗುಪ್ತಾ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯಕ್ಕೂ ಅದೇ ಮಾತು ಹೇಳಿತು.

ಗಮನಿಸಿ, ಇವೆಲ್ಲ ನ್ಯಾಯಾಲಯದ ನಿಯಮಗಳು. ಪಟ್ಟಿ ಕೊಡು ಎನ್ನುತ್ತವೆ. ಪಟ್ಟಿಯನ್ನು ತನಿಖೆಯ ಮೊದಲ ದಿನದಿಂದ ಹೇಗೆ ಬರೆದುಕೊಂಡು ಬರಬೇಕು ಎಂಬುದು ಠಾಣೆಯೊಳಗಿನ ಕೆಲಸ.

ನಿವೃತ್ತ ರೈಟರ್

ಕೇಸ್ ಡೈರಿ ಇರುತ್ತದಲ್ಲ ಎಂದು ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಅದರಲ್ಲಿ ದಿನದಿನದ ತನಿಖೆ ಬರೆದಿರುತ್ತದೆ. ಆದರೆ ಅದು ನ್ಯಾಯಾಲಯದ ಕಣ್ಣಿಗೆ, ಆರೋಪಿಗೆ ಕೇಳುವ ಹಕ್ಕಿಲ್ಲ. ಅಧಿಕಾರಿ ಸಾಕ್ಷಿಕಟ್ಟೆಯಲ್ಲಿ ಅದನ್ನು ನೋಡಿ ನೆನಪು ಮಾಡಿಕೊಂಡರೆ ಮಾತ್ರ ಆ ಭಾಗದ ಮೇಲೆ ಪ್ರಶ್ನೆ ಬರುತ್ತದೆ. ಅದಕ್ಕೇ ಅನುಭವಸ್ಥ ಸಾಹೇಬರು ಡೈರಿಯನ್ನು ಮುಟ್ಟುತ್ತಲೇ ಇರಲಿಲ್ಲ. ‘ನೆನಪಿನಿಂದ ಹೇಳುತ್ತೇನೆ ಸ್ವಾಮಿ’ ಎನ್ನುತ್ತಿದ್ದರು.

ಗಣಿತ ಮೇಷ್ಟ್ರು

ಇಷ್ಟೆಲ್ಲ ಆದ ಮೇಲೂ ನನ್ನ ಪ್ರಶ್ನೆ ಅಲ್ಲೇ ನಿಂತಿದೆ. ಮುರಿದರೆ ಏನು? ಜಾನ್ ಥಾಂಪ್ಸನ್ ಕಥೆ ಗೊತ್ತೇ? ಅದೇ ನ್ಯೂ ಆರ್ಲಿಯನ್ಸ್. ಅವನ ಮೇಲೆ ಎರಡು ಮೊಕದ್ದಮೆ, ಒಂದು ದರೋಡೆಯದು, ಒಂದು ಕೊಲೆಯದು. ದರೋಡೆಗೆ ಒಳಗಾದವರ ಬಟ್ಟೆಯ ಮೇಲೆ ದರೋಡೆಕೋರನ ರಕ್ತ ಇತ್ತು. ಗುಂಪು ಬಿ ಎಂದು ಪ್ರಯೋಗಾಲಯದ ವರದಿ. ಥಾಂಪ್ಸನ್‌ನದು ಓ. ವರದಿಯನ್ನು ಅಭಿಯೋಜಕರು ಕೊಡಲಿಲ್ಲ. ಆ ದರೋಡೆಯ ಶಿಕ್ಷೆಯ ನೆರಳಿನಲ್ಲೇ ಕೊಲೆ ಮೊಕದ್ದಮೆ ನಡೆದು ಮರಣದಂಡನೆಯಾಯಿತು. 18 ವರ್ಷ ಜೈಲು, ಅದರಲ್ಲಿ 14 ವರ್ಷ ಮರಣದಂಡನೆಯ ಸಾಲಿನಲ್ಲಿ. 1999ರಲ್ಲಿ ಗಲ್ಲಿಗೆ ಇನ್ನು ತಿಂಗಳಷ್ಟೇ ಇದೆ ಎನ್ನುವಾಗ ವರದಿ ಸಿಕ್ಕಿತು. ಹೊರಬಂದು ದಾವೆ ಹೂಡಿದ, ಜ್ಯೂರಿ 140 ಲಕ್ಷ ಡಾಲರ್ ಕೊಡಿ ಎಂದಿತು. 2011ರಲ್ಲಿ ಸುಪ್ರೀಂ ಕೋರ್ಟ್ 5-4 ಮತಗಳಿಂದ ಅದನ್ನು ಕಿತ್ತುಹಾಕಿತು. ಕಚೇರಿಯಲ್ಲಿ ಅಂಥ ಉಲ್ಲಂಘನೆಗಳು ಮತ್ತೆ ಮತ್ತೆ ನಡೆಯುತ್ತಿದ್ದವು ಎಂದು ತೋರಿಸದ ಕಾರಣ ತರಬೇತಿಯ ಕೊರತೆಗೆ ಕಚೇರಿ ಹೊಣೆಯಲ್ಲವಂತೆ. ಇನ್ನು ನಿಮ್ಮ ಲಿಖಿತ ನಿಯಮ ಯಾವ ಲೆಕ್ಕ?

ಕಪ್ಪುಕೋಟು

ಆ ವರದಿ ಎಲ್ಲಿ ಸಿಕ್ಕಿತು ಎಂಬುದನ್ನು ಬಿಟ್ಟಿರಿ ಮೇಷ್ಟ್ರೇ. ಪೊಲೀಸ್ ಪ್ರಯೋಗಾಲಯದ ಕಡತಗಳಲ್ಲಿ. ಅಭಿಯೋಜಕರು ಮುಚ್ಚಿಟ್ಟರೂ ಮೂಲದಲ್ಲಿ ಒಂದು ಪ್ರತಿ ಉಳಿದಿತ್ತು. ಹಾಗಾಗಿಯೇ ಕರ್ತವ್ಯ ಒಬ್ಬರ ಬಳಿ ಇದ್ದರೆ ಸಾಲದು, ಇಬ್ಬರ ಬಳಿಯೂ ಪಟ್ಟಿ ಇರಬೇಕು ಎನ್ನುವುದು.

ಗಣಿತ ಮೇಷ್ಟ್ರು

ಪ್ರಾಣ ಉಳಿಯಿತು, ಒಪ್ಪಿದೆ. ಶಿಕ್ಷೆ ಯಾರಿಗಾಯಿತು? ಅದನ್ನು ಹೇಳಿ.

ಕಪ್ಪುಕೋಟು

ಟೆಕ್ಸಾಸ್‌ನಲ್ಲಿ ಒಬ್ಬರಿಗೆ ಆಯಿತು. ಮೈಕೆಲ್ ಮಾರ್ಟನ್ ಎಂಬುವರಿಗೆ ಹೆಂಡತಿಯನ್ನು ಕೊಂದ ಆರೋಪದಲ್ಲಿ 1987ರಲ್ಲಿ ಜೀವಾವಧಿಯಾಯಿತು. ಮೂರು ವರ್ಷದ ಮಗು ಕೊಲೆಯನ್ನು ನೋಡಿತ್ತು, ಆಗ ಅಪ್ಪ ಮನೆಯಲ್ಲಿರಲಿಲ್ಲ ಎಂದು ಅಜ್ಜಿಗೆ ಹೇಳಿತ್ತು. ಅಜ್ಜಿ ಅದನ್ನು ಪೊಲೀಸ್ ಅಧಿಕಾರಿಗೆ ಫೋನಿನಲ್ಲಿ ಹೇಳಿದ್ದರು, ಆ ಸಂಭಾಷಣೆಯ ಬರಹ ಪೊಲೀಸ್ ಕಡತದಲ್ಲಿತ್ತು. ಮನೆಯ ಹತ್ತಿರ ಅಪರಿಚಿತ ಹಸಿರು ವ್ಯಾನ್ ಕಂಡ ನೆರೆಯವರ ಮಾತೂ ಇತ್ತು. 2011ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆ. ಅಂದಿನ ಅಭಿಯೋಜಕ ಅಷ್ಟು ಹೊತ್ತಿಗೆ ನ್ಯಾಯಾಧೀಶರಾಗಿದ್ದರು. 2013ರಲ್ಲಿ 10 ದಿನದ ಜೈಲು ಶಿಕ್ಷೆಯಾಯಿತು, ವಕೀಲಿ ಪರವಾನಗಿ ಬಿಟ್ಟುಕೊಟ್ಟರು.

ಮೂಗುಬೊಟ್ಟು

ಆ ಕಡೆ ಸುಮಾರು 25 ವರ್ಷ, ಈ ಕಡೆ 10 ದಿನ. ಗಣಿತ ಮೇಷ್ಟ್ರು ಲೆಕ್ಕ ಮಾಡಲಿ.

ಸಂಪಿಗೆ

ಅದೇ ಟೆಕ್ಸಾಸ್ ಆಮೇಲೆ ಮಾಡಿದ್ದು ನನಗೆ ಹಿಡಿಸಿತು. ಮಾರ್ಟನ್ ಹೆಸರಿನ ಕಾಯ್ದೆ 2014ರ ಜನವರಿಯಿಂದ ಜಾರಿಗೆ ಬಂತು, ಅದು ಅಭಿಯೋಜಕರಿಗೆ. ಪೊಲೀಸರೇ ಕೊಡದಿದ್ದರೆ ಎಂಬ ಪ್ರಶ್ನೆ ಉಳಿಯಿತು. 2021ರಲ್ಲಿ ಇನ್ನೊಂದು ಕಾನೂನು ಮಾಡಿ, ಪ್ರಕರಣವನ್ನು ಅಭಿಯೋಜಕರಿಗೆ ಒಪ್ಪಿಸುವ ಪೊಲೀಸ್ ಇಲಾಖೆ ‘ಕೊಡಬೇಕಾದದ್ದನ್ನೆಲ್ಲ ಕೊಟ್ಟಿದ್ದೇವೆ’ ಎಂದು ಲಿಖಿತ ಹೇಳಿಕೆ ಕೊಡಬೇಕು ಎಂದರು. ನಿಯಮಾವಳಿಯ ಪುಸ್ತಕಕ್ಕಿಂತ ಇಂಥ ಒಂದು ಸಹಿ ಮೇಲು.

ಖಾಕಿ ಮನೆಯವಳು

ಸಹಿ ಹಾಕುವವನು ಕೆಳಗಿನವನು, ಕಾಗದ ತೆಗೆದಿಟ್ಟವನು ಮೇಲಿನವನು ಆದರೆ?

ದತ್ತಾಂಶದವ

ಸಂಪಿಗೆಯವರೇ, ‘ಎಲ್ಲವನ್ನೂ’ ಎಂದರೆ ಏನು ಎಂದು ಎಲ್ಲಿಯೂ ಬರೆದಿರದಿದ್ದರೆ ಆ ಸಹಿಗೆ ಅರ್ಥ ಇರುವುದಿಲ್ಲ. ನಿಯಮ ಮೊದಲು, ಸಹಿ ಆಮೇಲೆ.

ಇನ್ನೊಂದು ತೊಂದರೆ ಇದೆ. ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಇಲಾಖೆಗಳು, ಎಷ್ಟೋ ಕಡೆ ಕೈಬೆರಳೆಣಿಕೆಯ ಸಿಬ್ಬಂದಿ. ಕಡ್ಡಾಯ ಎಂದ ಕೂಡಲೇ ಸಿದ್ಧ ಮಾದರಿ ತಂದು ಮೇಲೆ ತಮ್ಮ ಇಲಾಖೆಯ ಹೆಸರು ಹಾಕಿಕೊಳ್ಳುತ್ತಾರೆ. ನಮ್ಮ ಕ್ಷೇತ್ರದಲ್ಲಿ ಭದ್ರತಾ ನಿಯಮಾವಳಿಗಳಿಗೆ ಆದದ್ದು ಇದೇ. ಒಳಗಡೆ ಇಲ್ಲದ ಹುದ್ದೆಗಳ ಹೆಸರು ಇರುತ್ತಿತ್ತು.

ಕಪ್ಪುಕೋಟು

ನ್ಯೂಯಾರ್ಕ್ ಇನ್ನೊಂದು ಬಗೆಯಲ್ಲಿ ಗಂಟು ಹಾಕಿದೆ. 2020ರ ಜನವರಿಯಿಂದ ಜಾರಿಯಾದ ನಿಯಮದಂತೆ ಅಭಿಯೋಜಕರು ಸಾಮಗ್ರಿ ಒಪ್ಪಿಸಿದ್ದೇವೆ ಎಂಬ ಪ್ರಮಾಣಪತ್ರ ಸಲ್ಲಿಸದ ಹೊರತು ವಿಚಾರಣೆಗೆ ಸಿದ್ಧ ಎನ್ನುವಂತಿಲ್ಲ. ಗಡಿಯಾರ ಓಡುತ್ತಲೇ ಇರುತ್ತದೆ, ವಿಚಾರಣೆಗೆ ಸಿದ್ಧವಾಗಲು ಕಾನೂನು ಕೊಟ್ಟ ಅವಧಿ ಮೀರಿದರೆ ಮೊಕದ್ದಮೆಯೇ ಬೀಳುತ್ತದೆ. ಅಭಿಯೋಜಕರು ಈಗ ಪೊಲೀಸರ ಬೆನ್ನು ಹತ್ತಲೇಬೇಕು. ಮೇಷ್ಟ್ರು ಕೇಳಿದ ‘ಮುರಿದರೆ ಏನು’ ಎಂಬುದಕ್ಕೆ ಇದು ಉತ್ತರ.

ಗಣಿತ ಮೇಷ್ಟ್ರು

ಇದು ಉತ್ತರ, ಹೌದು. ಆದರೆ ಅಪರಾಧಿಯೂ ಅದೇ ಬಾಗಿಲಿನಿಂದ ಹೊರಗೆ ಹೋಗುತ್ತಾನೆ. ಒಂದು ಕಾಗದ ತಡವಾಯಿತೆಂದು ಮೊಕದ್ದಮೆ ಬಿದ್ದರೆ ಹೊಡೆಸಿಕೊಂಡವನಿಗೆ ಏನು ಹೇಳುತ್ತೀರಿ? ಲಿಖಿತ ನಿಯಮಕ್ಕೆ ನನ್ನ ವಿರೋಧವನ್ನು ಹಿಂತೆಗೆದುಕೊಂಡಿಲ್ಲ. ಮುರಿದವನ ಬಡ್ತಿ, ಸಂಬಳಕ್ಕೆ ಅದು ತಗುಲುವಂತಿದ್ದರೆ ಮಾತ್ರ ಒಪ್ಪುತ್ತೇನೆ. ಮೊಕದ್ದಮೆಗೆ ತಗುಲುವುದು ಬೇಡ.

ಬೇಲಿಹೂ

ಮೊದಲ ಬಾರಿ ಮೇಷ್ಟ್ರ ಮಾತು ನನಗೆ ಒಪ್ಪಿಗೆಯಾಯಿತು.

ಅರ್ಧಚಂದ್ರ

ರೈಟರ್ ಸರ್, ನೀವು ಠಾಣೆಯಲ್ಲಿದ್ದಾಗ ಇಂಥ ನಿಯಮ ಬಂದಿದ್ದರೆ ಎಲ್ಲಿ ಇಟ್ಟಿದ್ದರೆ ಕೆಲಸ ಮಾಡುತ್ತಿತ್ತು?

ನಿವೃತ್ತ ರೈಟರ್

ವರ್ಗಾವಣೆಯ ದಿನ. ಸಾಹೇಬರು ಅಧಿಕಾರ ಹಸ್ತಾಂತರ ಮಾಡುವಾಗ ಪಿಸ್ತೂಲು, ಗುಂಡು, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು), ವಾಹನ ಎಲ್ಲಕ್ಕೂ ಎಣಿಸಿ ಸಹಿ ಆಗುತ್ತದೆ. ಒಂದು ಗುಂಡು ಕಡಿಮೆಯಾದರೆ ರಾತ್ರಿಯೆಲ್ಲ ಹುಡುಕುತ್ತಾರೆ. ಅದೇ ಪಟ್ಟಿಯಲ್ಲಿ ‘ಬಾಕಿ ಪ್ರಕರಣಗಳ ಬಳಸದ ಕಾಗದಗಳು’ ಎಂದು ಒಂದು ಸಾಲು ಸೇರಿಸಿದರೆ ಹೊಸಬರು ಎಣಿಸದೆ ಸಹಿ ಹಾಕುವುದಿಲ್ಲ, ಹಳಬರು ಎಣಿಸದೆ ಹೊರಡಲಾಗುವುದಿಲ್ಲ. ಬಡ್ತಿ, ಸಂಬಳ ಆಮೇಲಿನ ಮಾತು.

ಖಾಕಿ ಮನೆಯವಳು

ಇದು ಆಗುತ್ತದೆ. ಮನೆಯವರಿಗೆ ಓದಿ ಹೇಳಿದೆ. ಪೊಲೀಸರು ಹೆದರುವುದು ಹಸ್ತಾಂತರದ ಪಟ್ಟಿಗೇ ಎಂದರು.

ದತ್ತಾಂಶದವ

ರೈಟರ್ ಸರ್, ಆ ಪಟ್ಟಿಗೆ ಕಲಂಗಳನ್ನು ಹೇಳಿ, ಒಂದು ಮಾದರಿ ಮಾಡಿ ಇಲ್ಲಿ ಹಾಕುತ್ತೇನೆ. ಸದ್ಯಕ್ಕೆ ನನಗೆ ತೋಚಿದ್ದು: ಕ್ರಮಸಂಖ್ಯೆ, ಏನು, ಯಾರಿಂದ ಬಂತು, ಬಂದ ದಿನ, ಈಗ ಎಲ್ಲಿದೆ, ಸೂಕ್ಷ್ಮವೇ, ಅಭಿಯೋಜಕರಿಗೆ ತೋರಿಸಿದ ದಿನ.

ನಿವೃತ್ತ ರೈಟರ್

‘ಯಾಕೆ ಬಳಸಲಿಲ್ಲ’ ಎಂಬ ಕಲಂ ಬಿಟ್ಟಿದ್ದೀರಿ. ಅದನ್ನು ಸೇರಿಸಿ. ಅಗಲವಾಗಿ ಇಡಿ, ಒಂದು ಪದದಲ್ಲಿ ಮುಗಿಸಲು ಬಿಡಬೇಡಿ.